ಕಾಲು ಮುಂದಾಗಿ ಹುಟ್ಟಿದವಳು

ಬೆನ್ನಿಗೊಂದು ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರಾಡುವ ಮನುಷ್ಯ ನಿಜವಾಗಿಯೂ ಇರಲು ಸಾಧ್ಯವೇ ಎಂದು ನನ್ನ ಮಗಳು ಕೇಳಿದ್ದು ಒಂದು ಭಾನುವಾರ ಬೆಳಿಗ್ಗೆ, ನಾನು ದೋಸೆ ಹುಯ್ಯುತ್ತಿದ್ದಾಗ. ಕೇಳಿದ್ದು ನನ್ನನ್ನಲ್ಲ, ಅವಳಪ್ಪನನ್ನು. ನಮ್ಮ ಮನೆಯಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬಂಥ ಪ್ರಶ್ನೆಗಳೆಲ್ಲ ಅವರ ಇಲಾಖೆ. ಚಟ್ನಿಗೆ ಉಪ್ಪು ಸಾಕಾ ಎಂಬುದು ನನ್ನ ಇಲಾಖೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತೇನೋ, ನಾವು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಯಜಮಾನರು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ನಾನು ಗುಬ್ಬಿಯ ಪ್ರೈಮರಿ ಸ್ಕೂಲಿನಲ್ಲಿ ಟೀಚರ್. ಮಗಳು ಏಳನೇ ಕ್ಲಾಸು. ಅವಳ ಗೆಳತಿಯೊಬ್ಬಳು ಬಣ್ಣಬಣ್ಣದ ಚಿತ್ರಕಥೆಯ ಪುಸ್ತಕಗಳನ್ನು ಒಂದು ಚೀಲ ತುಂಬ ಕೊಟ್ಟಿದ್ದಳು. ಅದರಲ್ಲಿ ಮುಳುಗಿದವಳು ಒಂದು ವಾರ ಮೇಲೆದ್ದಿರಲಿಲ್ಲ.

"ಸಾಧ್ಯ ಇಲ್ಲ ಪುಟ್ಟಿ," ಎಂದರು ಯಜಮಾನರು, ಪೇಪರು ಮಡಿಸಿಟ್ಟು. ಪೇಪರು ಮಡಿಸಿದರೆಂದರೆ ಪಾಠ ಶುರುವಾಯಿತೆಂದೇ ಅರ್ಥ. "ಹತ್ತನೇ ಮಹಡಿಯಿಂದ ಬೀಳ್ತಿರೋ ಹುಡುಗೀನ ಇವನು ಹಾರಿ ಹೋಗಿ ಮಧ್ಯದಲ್ಲೇ ಹಿಡ್ಕೊಂಡ ಅಂತಿಟ್ಕೋ. ಇವನ ಕೈ ಕಬ್ಬಿಣ ಅಂತೀಯಲ್ಲ, ಅವಳು ನೆಲದ ಮೇಲೆ ಬಿದ್ರೂ ಒಂದೇ, ಆ ಕೈ ಮೇಲೆ ಬಿದ್ರೂ ಒಂದೇ. ಮೂಳೆ ಪುಡಿ."

"ಮತ್ತೆ ಬಸ್ಸು ಎತ್ತೋದು?"

"ಬಸ್ಸು ಎತ್ತೋ ಶಕ್ತಿ ಬರಬೇಕಾದ್ರೆ ಅದಕ್ಕೆ ತಕ್ಕ ಹಾಗೆ ತಿನ್ನಬೇಕು. ಒಂದು ಹೊತ್ತಿಗೆ ಎಷ್ಟು ಮುದ್ದೆ ಬೇಕಾಗುತ್ತೆ ಅಂತ ನಿಮ್ಮಮ್ಮನ್ನ ಕೇಳು. ಇನ್ನು ಆ ವೇಗದಲ್ಲಿ ಹಾರಿದ್ರೆ ಗಾಳಿ ಉಜ್ಜೀ ಉಜ್ಜೀ ಮೈಮೇಲಿನ ಬಟ್ಟೆ ಹೊತ್ಕೊಂಡು ಉರಿಯುತ್ತೆ."

"ಛೀ ಅಪ್ಪಾ!" ಎಂದು ಮಗಳು ಬಿದ್ದು ಬಿದ್ದು ನಕ್ಕಳು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಗೇಟು ಸದ್ದಾದರೆ ಬಂದವರು ನೆಂಟರಲ್ಲ ಎಂದು ನನಗೆ ಗೊತ್ತಿತ್ತು. ನೋಡಿದರೆ ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುವ ಒಬ್ಬ ಆಳು, ಸೊಂಟದ ಮೇಲಿನ ಅರ್ಧ ಮೈಯನ್ನು ನೆಲಕ್ಕೆ ಬಗ್ಗಿಸಿಕೊಂಡು, ತನ್ನ ತಮ್ಮನ ಹೆಗಲಿಗೆ ಜೋತುಬಿದ್ದು ನಿಂತಿದ್ದ.

"ಮೇಡಮ್ಮೋರು ಅವ್ರಾ? ಸೊಂಟ ಹಿಡ್ಕಂಡ್ಬುಟ್ಟೈತೆ ಕಣ್ರವ್ವ. ಬಸ್ಸಲ್ಲಿ ನಿಂತ್ಕಂಡೇ ಬಂದೆ, ಕೂರಕ್ಕಾಗಕಿಲ್ಲ."

ಒಲೆ ಸಣ್ಣ ಮಾಡಿದೆ. ವರಾಂಡದಲ್ಲಿ ಚಾಪೆ ಹಾಸಿದೆ. ಅವನು ಅಯ್ಯೋ ಅಮ್ಮಾ ಎನ್ನುತ್ತ ಬೋರಲು ಮಲಗಿದ. ನಾನು ಸೀರೆಯ ನೆರಿಗೆ ಒಂದಿಷ್ಟು ಎತ್ತಿ ಹಿಡಿದು, ಗೋಡೆಗೆ ಕೈಕೊಟ್ಟು, ಎಡಗಾಲಿನಿಂದ ಅವನ ಸೊಂಟಕ್ಕೆ ಮೂರು ಸಲ ಮೆತ್ತಗೆ ಒದ್ದೆ. ಆಮೇಲೆ ಬಗ್ಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ವಯಸ್ಸಾದವನಿಗೆ ಕಾಲು ತಾಗಿಸಿದರೆ ಪಾಪವಲ್ಲವೇ, ಅದಕ್ಕೆ. ಒದೆಯುವವಳೂ ನಾನೇ, ಕಾಲಿಗೆ ಬೀಳುವವಳೂ ನಾನೇ.

"ಹೆಂಗಿದೆಯಪ್ಪಾ?"

ಅವನು ಮೊಣಕೈ ಊರಿ ಮೆಲ್ಲಗೆ ಎದ್ದ, ಅತ್ತಿತ್ತ ತಿರುಗಿ ನೋಡಿದ. "ಹೋಯ್ತು ಕಣ್ರವ್ವಾ! ಕಿತ್ತು ಎಸೆದಂಗೆ ಹೋಯ್ತು!" ಎಂದು ಕೈಮುಗಿದ.

ಬಾಗಿಲಲ್ಲಿ ಮಗಳು ಪುಸ್ತಕ ಎದೆಗವಚಿಕೊಂಡು ನಿಂತಿದ್ದಳು. ಹುಟ್ಟಿದಾಗಿನಿಂದ ಇದನ್ನು ನೋಡಿದ್ದಾಳೆ, ಆದರೆ ಅವತ್ತು ಹೊಸದಾಗಿ ನೋಡುವವಳ ಹಾಗೆ ನನ್ನ ಪಾದವನ್ನೇ ನೋಡುತ್ತಿದ್ದಳು. "ಅಮ್ಮಾ, ಅಪ್ಪ ಸಾಧ್ಯ ಇಲ್ಲ ಅಂದ್ರಲ್ಲ, ಹಾಗಾದ್ರೆ ನೀನೇನು?" ಎಂದಳು. ಯಜಮಾನರು ಮಡಿಸಿದ ಪೇಪರನ್ನು ಮತ್ತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಕಾವಲಿಯ ಮೇಲಿನ ದೋಸೆ ಸೀದು ಹೋಗಿತ್ತು.

ಈ ನಂಬಿಕೆ ಗೊತ್ತಿಲ್ಲದವರಿಗೆ ಹೇಳಬೇಕು. ಎಲ್ಲ ಕೂಸುಗಳೂ ತಲೆ ಮುಂದಾಗಿ ಹುಟ್ಟುತ್ತವೆ. ನೂರಕ್ಕೊಂದೋ ಸಾವಿರಕ್ಕೊಂದೋ ಕಾಲು ಮುಂದಾಗಿ ಬರುತ್ತದೆ. ಹಾಗೆ ಹುಟ್ಟಿದವರ ಕಾಲಿಗೆ ಒಂದು ಗುಣ ಇರುತ್ತದಂತೆ. ಸೊಂಟ ಹಿಡಿದುಕೊಂಡವರು, ಬೆನ್ನು ಉಳುಕಿದವರು ಬಂದು ಒದೆಸಿಕೊಂಡರೆ ಅಲ್ಲೇ ವಾಸಿ. ಬೆಳಿಗ್ಗೆಯೇ ಆಗಬೇಕು, ಇಬ್ಬರೂ ಹೊಟ್ಟೆಗೆ ಏನೂ ಹಾಕಿರಬಾರದು. ಕುಣಿಗಲ್ಲಿನ ನಮ್ಮಪ್ಪನ ಮನೆಯಲ್ಲಿ ನಾನು ನಡೆಯುವುದನ್ನು ಕಲಿಯುವ ಮೊದಲೇ ಒದೆಯುವುದನ್ನು ಕಲಿತಿದ್ದೆ. ಮೂರನೆಯ ಹೆಣ್ಣುಮಗಳು ನಾನು. ನನ್ನ ಇಬ್ಬರು ಅಕ್ಕಂದಿರಿಗೆ ಇಲ್ಲದ ಮರ್ಯಾದೆ ಆ ಮನೆಯಲ್ಲಿ ನನ್ನ ಎಡಗಾಲಿಗಿತ್ತು. ಬೆಣ್ಣೆ ಕಾಸಿದ ದಿನ ಮೊದಲ ತುಪ್ಪ ನನ್ನ ತಟ್ಟೆಗೇ ಬೀಳುತ್ತಿತ್ತು.

ಮಗಳ ಪುಸ್ತಕದ ಹೀರೋಗೆ ಶಕ್ತಿ ಬಂದದ್ದು ಯಾವುದೋ ಉಲ್ಕೆ ಬಿದ್ದೋ, ಔಷಧ ಚೆಲ್ಲಿಯೋ. ನನಗೆ ಬಂದದ್ದು ಹೀಗೆ. ಅವನು ಹಾರಿಹೋಗಿ ಜನರನ್ನು ಉಳಿಸಿ ವಾಪಸ್ಸು ಬರುತ್ತಾನೆ, ಕಥೆ ಮುಗಿಯುತ್ತದೆ. ಮಾರನೆಯ ದಿನ ಅವನ ಮನೆಯ ಮುಂದೆ ಎಷ್ಟು ಜನ ನಿಂತಿರುತ್ತಾರೆ ಎಂದು ಬರೆದವನಿಗೆ ಗೊತ್ತಿಲ್ಲ. ಯಜಮಾನರ ಫಿಸಿಕ್ಸ್ ಹಾಳಾಗಿ ಹೋಗಲಿ. ಅಂಥವನೊಬ್ಬ ನಿಜವಾಗಿ ಇದ್ದಿದ್ದರೆ ಗಾಳಿಯ ಉಜ್ಜಾಟದಿಂದೇನೂ ಸಾಯುತ್ತಿರಲಿಲ್ಲ. ನಮ್ಮ ಬೀದಿಯವರೇ ಅವನನ್ನು ಕರೆದು ಕರೆದು ಸುಸ್ತು ಹೊಡೆಸಿ ಸಾಯಿಸುತ್ತಿದ್ದರು.

ತೊಂಬತ್ತರ ದಶಕದ ಮೊದಲಿನಲ್ಲಿ ನನಗೆ ಗುಬ್ಬಿಗೆ ಪೋಸ್ಟಿಂಗ್ ಆದಾಗ, ಅವ್ವನ ತವರು ಆ ಕಡೆಯ ಒಂದು ಹಳ್ಳಿಯಾದರೂ ಈಗ ಅಲ್ಲಿ ನಮ್ಮವರು ಯಾರೂ ಇಲ್ಲ, ಗುಬ್ಬಿ ನನಗೆ ಹೊಸ ಊರು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಒಂದು ತಿಂಗಳೂ ಆಗಲಿಲ್ಲ. ದಿನಾ ಹೋಗುವ ಬಸ್ಸಿನ ಡ್ರೈವರು ಕುಣಿಗಲ್ ಕಡೆಯವನು, ನಮ್ಮ ಸೋದರತ್ತೆಯ ಪರಿಚಯದವನು. ಡ್ರೈವರುಗಳ ಸೊಂಟದ ಕಥೆ ಕೇಳಬೇಕೇ? ಗುಬ್ಬಿ ಬಸ್‌ಸ್ಟಾಂಡಿನಲ್ಲಿ ಬಸ್ಸು ನಿಲ್ಲಿಸಿ, "ಮೇಡಮ್ಮೋರೆ, ಒಂದೆರಡು ಹಾಕ್ಬುಡಿ" ಎಂದು ಸಿಮೆಂಟ್ ಬೆಂಚಿನ ಮೇಲೆ ಬೋರಲು ಮಲಗಿಯೇ ಬಿಟ್ಟ. ಇಡೀ ಬಸ್ಸು ಕಿಟಕಿಯಲ್ಲಿ ಕತ್ತು ಹಾಕಿ ನೋಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲಿಗೆ ಮುಗಿಯಿತು. ಮಂಡಿಯ ಹಮಾಲಿಗಳು ಬಂದರು, ಅಡಿಕೆ ಸುಲಿಯುವ ಹೆಂಗಸರು ಬಂದರು, ಬಾಣಂತಿಯರು ಬಂದರು. ನಮ್ಮ ಹೆಡ್‌ಮಾಸ್ಟರಂತೂ ಸ್ಟಾಫ್‌ರೂಮಿನ ಬಾಗಿಲು ಮುಂದೆ ಮಾಡಿ, ಎರಡು ಟೇಬಲ್ಲು ಜೋಡಿಸಿಕೊಂಡು, ಒದೆಸಿಕೊಂಡರು. ಮಾರನೆಯ ದಿನ ನಾನು ಐದು ನಿಮಿಷ ತಡವಾಗಿ ಬಂದೆನೆಂದು ಎಲ್ಲರ ಮುಂದೆ ಬೈದರು. ಇನ್ನೊಂದು ಸ್ವಲ್ಪ ಜೋರಾಗಿ ಹಾಕಬೇಕಿತ್ತು ಎಂದುಕೊಂಡೆ.

ನನಗೆ ರಜೆ ಎಂದರೆ ತಿಂಗಳಿನ ಆ ಮೂರು ದಿನ. ಆಗ ಮುಟ್ಟುವಂತಿಲ್ಲವೆಂದು ಜನ ತಾವೇ ವಾಪಸ್ಸು ಹೋಗುತ್ತಿದ್ದರು. ಆ ಮೂರನ್ನು ನಾನು ಐದಕ್ಕೂ ಆರಕ್ಕೂ ಎಳೆದದ್ದುಂಟು. ಉಳಿದ ದಿನ ಬೆಳಿಗ್ಗೆ ಕಾಫಿ ಕುಡಿಯುವ ಹಾಗಿರಲಿಲ್ಲ, ಯಾರಾದರೂ ಬಂದುಬಿಟ್ಟರೆ ಎಂದು ಕಾಯಬೇಕು. ಕ್ಲಾಸಿನಲ್ಲಿ ದಿನವಿಡೀ ನಿಂತು ನಿಂತು ನನ್ನ ಸೊಂಟವೇ ಬಿದ್ದುಹೋಗುತ್ತಿತ್ತು. ನನ್ನ ಸೊಂಟಕ್ಕೆ ಒದೆಯುವವರು ಯಾರು? ಯಜಮಾನರು ಮುಲಾಮು ತಂದುಕೊಡುತ್ತಿದ್ದರು. ಅವರು ನನ್ನನ್ನು ಹಾಸ್ಯ ಮಾಡಿದವರಲ್ಲ. ಆದರೆ ಸೊಂಟದ ಹಿಡಿತ ಎರಡು ದಿನ ಸುಮ್ಮನಿದ್ದರೆ ತಾನಾಗೇ ಬಿಡುತ್ತದೆ, ಬೋರಲು ಮಲಗಿದ್ದಕ್ಕೇ ಅರ್ಧ ಹಗುರಾಗುತ್ತದೆ, ಉಳಿದರ್ಧ ನಂಬಿಕೆ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ವಾಸಿಯಾಗದವರು? ಅವರು ಬಂದು ಹೇಳುತ್ತಿರಲಿಲ್ಲ. ಈಗಷ್ಟೇ ತಮ್ಮ ಕಾಲಿಗೆ ಬಿದ್ದು ಎದ್ದ ಟೀಚರಮ್ಮ "ಹೆಂಗಿದೆ?" ಎಂದು ಕೇಳಿದರೆ, ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅಷ್ಟು ವರ್ಷದಲ್ಲಿ ಒಬ್ಬರೂ ಇಲ್ಲ ಎಂದಿರಲಿಲ್ಲ.

ನನಗಿದ್ದದ್ದು ಒಂದೇ ಆಸೆ. ಯಾರಾದರೂ ಬಂದು, ನಿನ್ನಲ್ಲಿ ಏನೂ ಇಲ್ಲ ಕಣೇ, ಸುಮ್ಮನೆ ಮನೆಗೆ ಹೋಗಿ ಕಾಫಿ ಕುಡಿ ಎನ್ನಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ಕುಣಿಗಲ್ಲಿನಲ್ಲಿ ತಮ್ಮನ ಮಗುವಿಗೆ ನಾಮಕರಣ. ನಾವು ಮೂರು ಹೆಣ್ಣಾದ ಮೇಲೆ ಹುಟ್ಟಿದ ತಮ್ಮ ಅವನು. ಅಪ್ಪ, ಅಜ್ಜಿ ಇಬ್ಬರೂ ಹೋಗಿಯಾಗಿತ್ತು. ಮನೆಯಲ್ಲಿ ತಮ್ಮ, ಅವನ ಹೆಂಡತಿ, ಅವ್ವ, ಮತ್ತೆ ನಮ್ಮ ಸೋದರತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಜ್ಜಿ ಹೋದ ಮೇಲೆ ಮನೆಯ ಬೀಗದ ಕೈ, ಮಾತು, ಮೌನ ಎಲ್ಲ ಅವಳದೇ. ನನಗೆ ಅವತ್ತು ಜ್ವರ, ಮೈ ಕೆಂಡದ ಹಾಗೆ ಸುಡುತ್ತಿತ್ತು. ಅತ್ತೆ ಬಂದ ನೆಂಟರಲ್ಲಿ ಸೊಂಟ ನೋವಿನವರನ್ನೆಲ್ಲ ಹುಡುಕಿ ಹುಡುಕಿ ನಡುಮನೆಯಲ್ಲಿ ಸಾಲಾಗಿ ಮಲಗಿಸಿದ್ದಳು. "ಎಲೆ ಹಾಕೋ ಮುಂಚೆ ಮುಗಿಸ್ಬುಡು ಮಗ," ಎಂದಳು, ಚಪಾತಿ ಲಟ್ಟಿಸುವ ಕೆಲಸದ ಹಾಗೆ.

ಎಲ್ಲರಿಗೂ ಒದ್ದು, ಎಲ್ಲರ ಕಾಲಿಗೂ ಬಿದ್ದು, ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಹೋಗಿ ಅಳುತ್ತ ಕೂತೆ. ಅವ್ವ ಬಂದಳು. ಇದ್ದ ಸಿಟ್ಟನ್ನೆಲ್ಲ ಅವಳ ಮೇಲೆ ಹಾಕಿದೆ. "ಯಾಕವ್ವಾ ನನ್ನ ಹಿಂಗೆ ಹೆತ್ತೆ? ಎಲ್ಲರ ಹಂಗೆ ಹೆರಕ್ಕಾಗ್ಲಿಲ್ವಾ ನಿಂಗೆ?"

ಅವ್ವ ಸುತ್ತ ನೋಡಿದಳು. ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆದು ನನ್ನ ಮುಖ ತೊಳೆದಳು. "ಎಲ್ಲರ ಹಂಗೇ ಹೆತ್ತೆ ಕಣೆ," ಎಂದಳು. "ನೀನು ತಲೆ ಮುಂದಾಗೇ ಹುಟ್ಟಿದ್ದು."

ನಾನು ಅವಳ ಕೈಯಿಂದ ಚೊಂಬು ಕಿತ್ತು ಕೆಳಗಿಟ್ಟೆ.

"ಮೂರ್ನೇದೂ ಹೆಣ್ಣು ಅಂತ ಕೇಳಿ ಈ ಮನೆಯೋರು ಯಾರೂ ನೋಡಕ್ಕೇ ಬರ್ಲಿಲ್ಲ. ಬಾಣಂತನ ಮುಗೀತು, ಕರ್ಕಂಡು ಹೋಗಕ್ಕೂ ಬರ್ಲಿಲ್ಲ. ನಿಮ್ಮಪ್ಪಂಗೆ ಇನ್ನೊಂದು ಹೆಣ್ಣು ನೋಡ್ತಾವ್ರೆ ಅಂತ ಸುದ್ದಿ ಬಂತು. ಗುಬ್ಬೀಲಿ ಬಸ್ ಹತ್ಕಂಡು, ನಿನ್ನ ಕಂಕುಳಲ್ಲಿ ಹಾಕ್ಕಂಡು ನಾನೇ ಬಂದೆ. ಬಾಗ್ಲಲ್ಲಿ ನಿಮ್ಮಜ್ಜಿ ಸೊಂಟ ಹಿಡ್ಕಂಡು ನಿಂತಿದ್ರು. ನೀರು ಸೇದಕ್ಕೋಗಿ ಹಿಡ್ಕಂಡಿತ್ತಂತೆ. ಒಳಗೆ ಬಾ ಅನ್ನಲಿಲ್ಲ ಕಣೆ. ಬಾಯಿಗೆ ಬಂದಿದ್ದು ಅಂದ್ಬುಟ್ಟೆ. ಅತ್ತೆ, ಈ ಕೂಸು ಕಾಲು ಮುಂದಾಗಿ ಹುಟ್ಟೈತೆ, ಅಂತ."

"ಆಮೇಲೆ?"

"ಆಮೇಲೇನು, ಮಲಗಿದ್ರು. ನಿನ್ನ ಪಾದ ಹಿಡ್ದು ಬೆನ್ನಿಗೆ ತಾಗ್ಸಿದೆ. ಎದ್ದು ಓಡಾಡ್ಬುಟ್ಟಳಲ್ಲೇ ಮುದುಕಿ!" ಅವ್ವನಿಗೆ ನಗು ಬಂತು, ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಸೂಲಗಿತ್ತಿ ಆ ವರ್ಷವೇ ತೀರ್ಕಂಡ್ಳು. ನಮ್ಮವ್ವನೂ ಹೋದ್ಲು. ಈಗ ನನ್ನ ಬಿಟ್ರೆ ಯಾರ್ಗೂ ಗೊತ್ತಿಲ್ಲ. ನಿಮ್ಮತ್ತೆ ಇರೋಗಂಟ ಯಾರ್ಗೂ ಹೇಳ್ಬ್ಯಾಡ. ಇಷ್ಟು ವರ್ಷ ಇವಳು ಮನೆಯೋರ್ಗೆಲ್ಲ ಮಂಕುಬೂದಿ ಎರಚಿದ್ಲು ಅಂತಾರೆ. ಈ ವಯಸ್ಸಲ್ಲಿ ಅದನ್ನ ಕೇಳ್ಕಂಡು ಈ ಮನೇಲಿ ಮುದ್ದೆ ನುಂಗಕ್ಕಾಗಕಿಲ್ಲ ನಂಗೆ."

ನನಗೆ ಸಿಟ್ಟು ಬರಬೇಕಿತ್ತು. ಬಂದಿತು ಕೂಡ. ಆದರೆ ಐದು ತಿಂಗಳ ಕೂಸನ್ನು ಎತ್ತಿಕೊಂಡು, ಒಳಗೆ ಕರೆಯದ ಬಾಗಿಲಿನ ಮುಂದೆ ನಿಂತ ಇಪ್ಪತ್ತರ ಚಿಲ್ಲರೆ ವಯಸ್ಸಿನ ಹೆಂಗಸು ಕಣ್ಣ ಮುಂದೆ ಬಂದಳು. ಆ ಸುಳ್ಳಿನಿಂದಲೇ ನಾವಿಬ್ಬರೂ ಆ ಹೊಸ್ತಿಲು ದಾಟಿದ್ದೆವು. ಅವಳ ತೋಳಿಗೆ ಹಣೆ ಇಟ್ಟುಕೊಂಡು ಇನ್ನಷ್ಟು ಅತ್ತೆ.

ನನಗೆ ಬೇಕಾದ ಮಾತು ಸಿಕ್ಕಿತು, ಆದರೆ ಅದನ್ನು ಖರ್ಚು ಮಾಡುವ ಹಾಗಿರಲಿಲ್ಲ. ಹಾಗಾಗಿ ಮತ್ತೆ ಅದೇ ಚಾಪೆ, ಅದೇ ಗೋಡೆ, ಅದೇ ಎಡಗಾಲು. ಮಗಳ ಪುಸ್ತಕದ ಆ ಹಾರುವವನಿಗೆ ತನಗೆ ಶಕ್ತಿ ಇದೆ ಎಂಬುದು ಯಾರಿಗೂ ಗೊತ್ತಾಗಬಾರದೆಂಬ ಚಿಂತೆ. ನನಗೆ ಇಲ್ಲ ಎಂಬುದು ಗೊತ್ತಾಗಬಾರದೆಂಬ ಚಿಂತೆ. ಯಜಮಾನರಿಗೊಬ್ಬರಿಗೆ ಹೇಳಿದೆ. ಅವರು, "ನಿಮ್ಮವ್ವ ನಮ್ಮ ಕಾಲೇಜಿನ ಪ್ರಿನ್ಸಿಪಾಲ್ ಆಗಬೇಕಿತ್ತು" ಎಂದರು. ಮಗಳು "ಹಾಗಾದ್ರೆ ನೀನೇನು?" ಎಂದು ಕೇಳಿದ ಆ ಭಾನುವಾರ ಪೇಪರಿನ ಹಿಂದೆ ಅವರು ಮುಖ ಮರೆಸಿಕೊಂಡದ್ದು ಇದಕ್ಕೇ.

ಆ ಭಾನುವಾರ ಕಳೆದು ಎರಡು ತಿಂಗಳಿರಬಹುದು, ಪರೀಕ್ಷೆಯ ಸಮಯ. ಬೆಳಿಗ್ಗೆ ತಮ್ಮನ ಫೋನು ಬಂತು.

"ಅಕ್ಕಾ, ಅವ್ವ ಬಚ್ಚಲಲ್ಲಿ ಜಾರಿ ಬಿದ್ದವ್ಳೆ. ಸೊಂಟ ಎತ್ತಕ್ಕೆ ಆಯ್ತಿಲ್ಲ. ನೀನು ಬಾ."

"ಯಾವಾಗ್ಲೋ ಬಿದ್ದಿದ್ದು? ಡಾಕ್ಟ್ರಿಗೆ ತೋರ್ಸಿದ್ಯಾ?"

"ಮೊನ್ನೆ ಬಿದ್ದಿದ್ದು. ನಿಂಗೆ ಪರೀಕ್ಷೆ ಡ್ಯೂಟಿ ಅಂತ ಅತ್ತೆ ಫೋನು ಮಾಡ್ಬ್ಯಾಡ ಅಂದ್ರು. ಡಾಕ್ಟ್ರು ಯಾಕೆ, ನೀನಿದೀಯಲ್ಲ?"

ಎರಡು ದಿನ! ಎಪ್ಪತ್ತರ ಹತ್ತಿರದ ಹೆಂಗಸು ಎರಡು ದಿನ ನೋವಿನಲ್ಲಿ ಬಿದ್ದಿದ್ದಾಳೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗದೆ ನನ್ನ ಕಾಲಿಗಾಗಿ ಕಾಯುತ್ತಿದ್ದಾರೆ. ಯಜಮಾನರು ಚೀಲಕ್ಕೆ ನನ್ನ ಸೀರೆ ತುಂಬುತ್ತಲೇ ಹೇಳಿದರು: "ನೋಡು, ಬಿದ್ದಿರೋದು ಅಂದ್ರೆ ಹಿಡಿತ ಅಲ್ಲ. ಬೆನ್ನುಮೂಳೆ ಬಿರುಕು ಬಿಟ್ಟಿರಬಹುದು. ಯಾರೇ ಏನೇ ಅಂದ್ರೂ ಒದೀಬೇಡ. ಒಂದು ಏಟು ಹೆಚ್ಚುಕಮ್ಮಿ ಆದ್ರೆ ಎರಡು ಕಾಲೂ ಹೋಗುತ್ತೆ ಅವರಿಗೆ." ನೀವೂ ಬನ್ನಿ ಎಂದೆ. ಅವರು ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆ ಕೊಟ್ಟು ಮಧ್ಯಾಹ್ನ ಬರುತ್ತೇನೆ ಎಂದರು. ತುಮಕೂರಿನಿಂದ ಕುಣಿಗಲ್ಲಿಗೆ ಅವತ್ತು ಬಸ್ಸು ಹೋದಷ್ಟು ನಿಧಾನವಾಗಿ ಇನ್ಯಾವತ್ತೂ ಹೋಗಿಲ್ಲ.

ನಡುಮನೆಯಲ್ಲಿ ಚಾಪೆ ಹಾಸಿ, ಅದರ ಮೇಲೆ ಅವ್ವನನ್ನು ಮಗ್ಗುಲಾಗಿ ಮಲಗಿಸಿದ್ದರು. ಬೋರಲು ಮಾಡಲು ಹೋದರೆ ಕಿರುಚಿದಳಂತೆ, ಅದಕ್ಕೆ ಬಿಟ್ಟಿದ್ದರು. ಸುತ್ತ ಅಕ್ಕಪಕ್ಕದ ಮನೆಯ ಹೆಂಗಸರು. ಅವ್ವನ ಮುಖ ಬೂದಿಯಾಗಿತ್ತು, ತುಟಿ ಒಣಗಿತ್ತು.

"ಬಂದ್ಯಾ ಮಗ? ಕಾಲು ತೊಳ್ಕಂಡು ಬಾ," ಎಂದಳು ಅತ್ತೆ.

"ಒದೆಯಲ್ಲ ಅತ್ತೆ. ಬಿದ್ದಿರೋದು ಇದು, ಮೂಳೆ ಏನಾಗಿದ್ಯೋ. ಮೊದಲು ತುಮಕೂರಿಗೆ ಕರ್ಕೊಂಡು ಹೋಗೋಣ, ಎಕ್ಸ್‌ರೇ ತೆಗೆಸೋಣ."

"ಅಲ್ಲ ಕಣೇ, ಊರೋರ್ಗೆಲ್ಲ ಒದ್ದೆ, ದಾರೀಲಿ ಹೋಗೋರ್ಗೆಲ್ಲ ಒದ್ದೆ, ಹೆತ್ತವ್ವಂಗೆ ಒದೆಯಕ್ಕೆ ಕಾಲು ಬರಕಿಲ್ವಾ ನಿಂಗೆ?"

"ಅಕ್ಕಾ, ಒಂದ್ಸಲ ನೋಡಾನ," ಎಂದ ತಮ್ಮ. "ಆಗ್ದಿದ್ರೆ ಆಸ್ಪತ್ರೆಗೆ ಹೋಗಾನ. ಒಂದ್ಸಲ ತಾನೆ?"

ಪಕ್ಕದ ಮನೆಯವಳು, "ಪುಣ್ಯವಂತೆ ಕಣವ್ವ ನೀನು, ನಿನ್ನ ಕಾಲಿದ್ದಂಗೆ ಇನ್ನೊಬ್ರದ್ದು ಎಲ್ಲೈತೆ," ಎಂದಳು. ಒದ್ದರೆ ಅವ್ವನ ಕಾಲು ಹೋಗಬಹುದು. ಬೇಡವೆನ್ನಲು ಇರುವ ಒಂದೇ ಕಾರಣ ಹೇಳಿದರೆ ಅವ್ವನ ಮಾನ ಹೋಗುತ್ತದೆ, ಅದೂ ಅವಳು ಹೀಗೆ ನೆಲದ ಮೇಲೆ ಬಿದ್ದಿರುವಾಗ, ಈ ಎಲ್ಲರ ಮುಂದೆ. ಏನು ಮಾಡಲಿ ಎನ್ನುವಂತೆ ಅವಳ ಮುಖ ನೋಡಿದೆ.

ಅವ್ವ ಕಣ್ಣು ಬಿಟ್ಟಳು. "ಅವಳ್ನ ಬುಡ್ರಿ," ಎಂದಳು. ದನಿ ಸಣ್ಣದಾಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಅವಳ ಕಾಲಲ್ಲಿ ಏನೂ ಇಲ್ಲ. ಅವಳು ಎಲ್ಲರ ಹಂಗೆ ತಲೆ ಮುಂದಾಗೇ ಹುಟ್ಟಿದ್ದು. ನಾನೇ ಸುಳ್ಳು ಹೇಳಿದ್ದೆ."

ಅವ್ವ ನಲವತ್ತು ವರ್ಷ ಬಚ್ಚಿಟ್ಟದ್ದನ್ನು ನನಗೋಸ್ಕರ ನಡುಮನೆಯಲ್ಲಿ ಹೇಳಿಬಿಟ್ಟಿದ್ದಳು. ಈಗ ಅತ್ತೆ ಏನೆನ್ನುತ್ತಾಳೋ ಎಂದು ನಾನು ಅವ್ವನ ಮುಂದೆ ಅಡ್ಡ ನಿಂತೆ.

ಅತ್ತೆ ಲೊಚಗುಟ್ಟಿದಳು. "ಪಾಪ, ನೋವಿಗೆ ಬುದ್ಧಿ ತಪ್ಪೈತೆ. ಏನೇನೋ ಬಡಬಡಿಸ್ತಾಳೆ."

"ಇಲ್ಲ ಕಣತ್ತಿಗೆ, ನಿಜವಾಗ್ಲೂ..."

"ಸುಮ್ಕಿರು ನೀನು. ಕಾಲು ಮುಂದಾಗಿ ಬಂದಿದ್ದ ನಾನೇ ಕಣ್ಣಾರೆ ಕಂಡಿಲ್ವಾ?" ಎಂದಳು ಅತ್ತೆ. ನಾನು ಹುಟ್ಟಿದ್ದು ಗುಬ್ಬಿ ಕಡೆಯ ಅವ್ವನ ತವರಿನಲ್ಲಿ. ಅತ್ತೆ ಆ ಊರನ್ನು ಇವತ್ತಿನವರೆಗೂ ನೋಡಿದವಳಲ್ಲ. ಆದರೆ ಅವಳು ಸುಳ್ಳು ಹೇಳುತ್ತಿರಲಿಲ್ಲ. ಎಷ್ಟು ಜನಕ್ಕೆ, ಎಷ್ಟು ವರ್ಷ ಹೇಳಿದ್ದಳೋ, ಅವಳಿಗೆ ಅದು ಕಂಡೇ ಬಿಟ್ಟಿತ್ತು. ಪಕ್ಕದ ಮನೆಯವಳಿಗಂತೂ ಸಿಟ್ಟೇ ಬಂತು. "ಹಂಗಾದ್ರೆ ನನ್ನ ಸೊಂಟ ವಾಸಿಯಾಗಿದ್ದು ಸುಳ್ಳಾ? ನನ್ನ ಗಂಡಂದು ಸುಳ್ಳಾ?" ಎಂದು ಅವ್ವನನ್ನೇ ದಬಾಯಿಸಿದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈ ಕೆಲಸಕ್ಕೆ ರಾಜೀನಾಮೆಯೂ ಇಲ್ಲ ಎಂದು ಅವತ್ತು ಗೊತ್ತಾಯಿತು. ಇನ್ನು ಇವರ ಹತ್ತಿರ ವಾದ ಮಾಡುತ್ತ ನಿಂತರೆ ಅವ್ವ ಅಲ್ಲೇ ಹೋಗಿಬಿಡುತ್ತಾಳೆ ಅನ್ನಿಸಿತು. "ಸರಿ, ಎಲ್ಲರೂ ಆಚೆ ನಡೀರಿ. ಅವ್ವಂಗೆ ಮಾಡ್ಬೇಕಾದ್ರೆ ಬೇರೆ ಯಾರೂ ನೋಡ್ಬಾರ್ದು," ಎಂದೆ. ಹೊಸ ನಿಯಮ, ನಿಂತ ಕಾಲ ಮೇಲೆ ಹುಟ್ಟಿಸಿದ್ದು. ಅವ್ವನ ಮಗಳಲ್ಲವೇ ನಾನು. ಎಲ್ಲರೂ ಮರುಮಾತಿಲ್ಲದೆ ಹೊರಗೆ ಹೋದರು. ಬಾಗಿಲು ಹಾಕಿ ಬಂದು ಅವ್ವನ ಪಕ್ಕ ಕೂತೆ.

"ಸ್ವಲ್ಪ ಹೊತ್ತು ಸುಮ್ಮನಿರು. ಒದ್ದೆ, ಆಗ್ಲಿಲ್ಲ ಅಂತ ಹೇಳಿ ಕರ್ಕೊಂಡು ಹೋಗ್ತೀನಿ," ಎಂದೆ ಕಿವಿಯಲ್ಲಿ.

ಅವ್ವ ನನ್ನ ಕೈ ಹಿಡಿದುಕೊಂಡಳು. "ಒಂದ್ಸಲ ತಾಗ್ಸು," ಎಂದಳು.

"ಏನು?"

"ಕಾಲು. ಒದೀಬ್ಯಾಡ. ಸುಮ್ಕೆ ತಾಗ್ಸು."

"ಅವ್ವಾ, ನಿಂಗೇ ಗೊತ್ತಲ್ಲ, ಏನೂ ಇಲ್ಲ ಅಂತ."

"ನಾನು ಹೇಳಿದ್ದು ಸುಳ್ಳೇ. ಆದ್ರೆ ಅಷ್ಟು ಜನ ಎದ್ದು ನಡ್ಕಂಡು ಹೋಗಿದ್ದು ಸುಳ್ಳಲ್ವಲ್ಲೇ. ನಾನು ಬಾಗ್ಲಲ್ಲಿ ನಿಂತ್ಕಂಡು ನೋಡ್ತಿದ್ದೆ. ಒಂದೊಂದ್ಸಲ ಅನ್ಸೋದು, ನಂಗೇ ಮರ್ತೋಗೈತೇನೋ, ಕಾಲೇ ಮುಂದೆ ಬಂದಿತ್ತೇನೋ ಅಂತ." ಅವಳ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು. "ಬಾಳ ನೋವು ಕಣೆ. ಎಲ್ಲರ್ಗೂ ಮಾಡಿದೀಯ. ನಂಗೂ ಒಂದ್ಸಲ."

ಎದ್ದು ನಿಂತೆ. ಗೋಡೆ ದೂರವಿತ್ತು, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಸಲ, ದೇವರೇ, ನಿಜವಾಗಿರಲಿ ಎಂದು ಬೇಡಿಕೊಂಡೆ. ಇಷ್ಟು ವರ್ಷ ಬೇಡ ಬೇಡವೆಂದು ಅತ್ತದ್ದನ್ನು ಅವತ್ತೊಂದು ದಿನಕ್ಕೆ ಕೊಡು ಎಂದು ಕೇಳಿದೆ. ಹೆಬ್ಬೆರಳಿನ ತುದಿ ಮಾತ್ರ ಅವಳ ಸೀರೆಗೆ, ಬೆನ್ನಿಗೆ, ಒಂದಿಷ್ಟೂ ಭಾರ ಬಿಡದೆ ತಾಗಿಸಿದೆ. ಆಮೇಲೆ ಕೂತು ಅವಳ ಎರಡೂ ಪಾದ ಹಿಡಿದು ಕಣ್ಣಿಗೊತ್ತಿಕೊಂಡೆ.

"ಹೆಂಗಿದೆ ಅವ್ವಾ?"

ಅವ್ವ ಕಣ್ಣು ಮುಚ್ಚಿದಳು. ಒಳಗೆಲ್ಲ ಹುಡುಕಿ ನೋಡುತ್ತಿದ್ದಾಳೆ ಅನ್ನಿಸಿತು. ಸ್ವಲ್ಪ ಸೊಂಟ ಅಲುಗಿಸಲು ನೋಡಿದಳು, ಹಲ್ಲು ಕಚ್ಚಿದಳು.

"ಇಲ್ಲ ಕಣೆ," ಎಂದಳು. "ಏನೂ ಆಗ್ಲಿಲ್ಲ. ಹಂಗೇ ಐತೆ ನೋವು."

ನಾನು ಅವಳ ಪಾದದ ಮೇಲೆ ಮುಖ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ. ದುಃಖವೂ ಆಗಿತ್ತು, ಬಿಡುಗಡೆಯೂ ಆಗಿತ್ತು. ನನ್ನ ಮುಖ ನೋಡಿ ಇಲ್ಲ ಎಂದ ಮೊದಲನೆಯವಳು ಅವಳೇ. "ಅಳ್ಬ್ಯಾಡ, ಆಸ್ಪತ್ರೆಗೆ ಕರ್ಕಂಡೋಗು ನಡಿ," ಎಂದಳು ಅವ್ವ.

ಬಾಗಿಲು ತೆಗೆದು, "ನನ್ನ ಕೈಲಿ ಆಗಲ್ಲ. ವ್ಯಾನು ತರಿಸೋ," ಎಂದೆ ತಮ್ಮನಿಗೆ. ಅವನು ಓಡಿದ. ಅತ್ತೆ ಅರೆಗಳಿಗೆ ಪೆಚ್ಚಾಗಿ ನಿಂತಳು, ಅಷ್ಟೇ. ಮಂಚದ ಹಲಗೆಯ ಮೇಲೆ ಅವ್ವನನ್ನು ಎತ್ತಿ ವ್ಯಾನಿಗೆ ಹತ್ತಿಸುವಷ್ಟರಲ್ಲಿ ಅವಳಿಗೆ ಕಾರಣ ಸಿಕ್ಕಿತ್ತು. "ಹೆತ್ತ ಕರುಳಿಗೆ ನಡೆಯಕಿಲ್ಲ ಅದು. ಬೇರೆಯೋರ್ಗಾದ್ರೆ ನಡೀತದೆ," ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು.

ಬೆನ್ನುಮೂಳೆಯಲ್ಲಿ ಬಿರುಕಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತುಳಿದು ಗಿಳಿದು ಮಾಡದೇ ಇದ್ದದ್ದು ಒಳ್ಳೆಯದಾಯಿತು, ಕಾಲು ಉಳಿಯಿತು ಎಂದರು. ಯಜಮಾನರು ನನ್ನ ಕಡೆ ನೋಡಿ ಉಸಿರು ಬಿಟ್ಟರು. ಅವ್ವನನ್ನು ಜನರಲ್ ವಾರ್ಡಿಗೆ ಹಾಕಿದರು, ಮಲಗಿಯೇ ಇರಬೇಕು ಎಂದರು. ಮಾರನೆಯ ದಿನ ಅತ್ತೆ ಅವ್ವನನ್ನು ನೋಡಲು ಬಂದಳು, ಬಂದವಳು ಸುಮ್ಮನಿದ್ದಾಳೆಯೇ? ವಾರ್ಡಿನಲ್ಲೆಲ್ಲ ನನ್ನ ಕಾಲಿನ ಪುರಾಣ ಹೇಳಿ ಹೋದಳು.

ಅವಳು ಹೋದ ಮೇಲೆ ಪಕ್ಕದ ಹಾಸಿಗೆಯ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಬೆಳ್ಳಾವಿ ಕಡೆಯವಳಂತೆ, ಸೊಂಟಕ್ಕೆ ಬೆಲ್ಟು ಕಟ್ಟಿದ್ದರು. "ಅಕ್ಕಾ, ನಿಮ್ಮ ಕಾಲಲ್ಲಿ ಗುಣ ಐತಂತೆ. ನಂಗೂ ಒಂದೀಟು..." ಎಂದು ಹಾಸಿಗೆಯ ಮೇಲೆ ತಿರುಗಲು ಹೊರಟಳು. ನಾನು ಬೆಳಿಗ್ಗೆಯಿಂದ ಕಾಫಿ ಕುಡಿದಿರಲಿಲ್ಲ. ಅಭ್ಯಾಸದ ಮೇಲೆ ಚಪ್ಪಲಿ ಬಿಡಲು ಬಗ್ಗಿದೆ.

ಅವ್ವ ಮಲಗಿದ್ದಲ್ಲಿಂದಲೇ ಕೈ ಚಾಚಿ ನನ್ನ ಸೆರಗು ಹಿಡಿದಳು.

"ಇವಳಾ? ಇವಳು ಇಸ್ಕೂಲು ಟೀಚರು ಕಣವ್ವ, ಅಷ್ಟೆ," ಎಂದಳು ಆ ಹೆಂಗಸಿಗೆ. "ನಂಗೂ ಮಾಡಿದ್ಲು, ವಾಸಿಯಾಗ್ಲಿಲ್ಲ. ನೀನು ಡಾಕ್ಟ್ರು ಹೇಳ್ದಂಗೆ ಕೇಳು."

"ಹೌದಾ," ಎಂದು ಅವಳು ಸುಮ್ಮನೆ ಗೋಡೆಯ ಕಡೆಗೆ ಮುಖ ಮಾಡಿಕೊಂಡಳು. ಅಷ್ಟೇ. ನಂಬಿಬಿಟ್ಟಳು.

"ಹೋಗು," ಎಂದಳು ಅವ್ವ ನನಗೆ, ಸೆರಗು ಬಿಡುತ್ತ. "ಕಾಫಿ ಕುಡ್ಕಂಡು ಬಾ ಹೋಗು."